ಪದಚರ್ಚೆ: ದ್ರಾಕ್ಷಿ ಸಿಪ್ಪೆಯ ಬಣ್ಣಕ್ಕೆ ಏನೆನ್ನೋಣ? (ಸ್ವಲ್ಪ ಅರ್ಜೆಂಟು)

ನಮಸ್ಕಾರ. ನಾಳೆ ಬೆಳಿಗ್ಗೆ ಲೇಬಲ್ ಪ್ರಿಂಟಿಗೆ ಹೋಗಬೇಕು. ಇಲ್ಲಿ ಸರಸ್ವತಿಪುರಂನಲ್ಲಿ ಗೆಳತಿಯೊಬ್ಬಳು ನಿಂಬೆ ಶರಬತ್ತು ಮಾಡಿ ಮಾರುತ್ತಾಳೆ. ಈ ಸಲ ಅದಕ್ಕೆ ಕಪ್ಪು ದ್ರಾಕ್ಷಿಯ ಬಣ್ಣ ಹಾಕಿದ್ದಾಳೆ. ಡಬ್ಬಿಯ ಮೇಲೆ 'ಗ್ರೇಪ್ ಸ್ಕಿನ್ ಎಕ್ಸ್‌ಟ್ರ್ಯಾಕ್ಟ್' ಎಂದಿದೆ. ನಾನು 'ನೈಸರ್ಗಿಕ ನೇರಳೆ ಬಣ್ಣ' ಎಂದು ಬರೆದುಕೊಟ್ಟೆ. ಅವಳ ಅಮ್ಮ ಓದಿದವರೇ, "ನೇರಳೆಹಣ್ಣು ಯಾವಾಗ ತಂದೆ?" ಅಂದರು. 'ಊದಾ' ಸರಿಯೇ? 'ದ್ರಾಕ್ಷಾವರ್ಣ' ಜಾಸ್ತಿ ಆಯ್ತು ಅಲ್ವಾ?

— ಸರಸ್ವತಿಪುರಂ

*

'ಊದಾ' ಬೇಡ, ಹಿಂದೂಸ್ತಾನಿ. 'ದ್ರಾಕ್ಷಾವರ್ಣ' ನಾಟಕದ ಪರದೆಗೆ ಇಟ್ಟುಕೊಳ್ಳಿ. ಎಕ್ಸ್‌ಟ್ರ್ಯಾಕ್ಟಿಗೆ ಕನ್ನಡದಲ್ಲಿ 'ಸಾರು' ಇದೆ. ಸಂಸ್ಕೃತದ 'ಸಾರ' ಬೇರೆ, ಇದು ಬೇರೆ. ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ 'ಱ' ಅಕ್ಷರದ, 'ಸಾಱು'. ತಮಿಳರು ಇವತ್ತಿಗೂ ಹಣ್ಣಿನ ರಸಕ್ಕೆ ಸಾಱು ಎನ್ನುತ್ತಾರೆ. 'ಸಿಪ್ಪೆಸಾರು' ಎಂದು ಹಾಕಿ. ಮುಗಿಯಿತು.

— ಒಂಟಿಕೊಪ್ಪಲು

*

ಶರಬತ್ತಿನ ಬಾಟಲಿ ಮೇಲೆ ಸಾರು ಅಂತ ಬರೆದರೆ ಜನ ಅನ್ನ ಕೇಳ್ತಾರೆ ಸ್ವಾಮಿ.

— ಸರಸ್ವತಿಪುರಂ

*

ಬಣ್ಣದ ಹೆಸರನ್ನೇ ಯಾಕೆ ಹಾಕಬೇಕು? ನೇರಳೆಯೋ ಊದಾವೋ ಎಂದು ಜಗಳ ಆಡುವುದಕ್ಕೆ ಮುಂಚೆ ಆ ಬಣ್ಣ ಏನು ಮಾಡುತ್ತೆ ನೋಡಿ. ಇದು ಆಂಥೊಸಯನಿನ್, ಹೂವು ಹಣ್ಣುಗಳಿಗೆ ಬಣ್ಣ ಕೊಡುವ ವಸ್ತು. ಹುಳಿ ಇದ್ದರೆ ಕೆಂಪಗೆ ನಿಲ್ಲುತ್ತೆ, ಹುಳಿ ಇಳಿದರೆ ನೇರಳೆಗೆ ಹೋಗುತ್ತೆ, ಅಡುಗೆ ಸೋಡಾ ಬಿದ್ದರೆ ನೀಲಿ, ಹಸಿರಿನ ಕಡೆಗೆ ತಿರುಗುತ್ತೆ. ನಿಮ್ಮದು ನಿಂಬೆ ಶರಬತ್ತು. ಬಾಟಲಿಯಲ್ಲಿ ಇರುವುದು ಕೆಂಪು, ಲೇಬಲ್ಲಿನಲ್ಲಿ ನೇರಳೆ! ಕೊಂಡವರು ಸುಮ್ನೆ ಬಿಡ್ತಾರಾ?

ಎಲ್ಲಿಂದ ಬಂತು ಅನ್ನುವುದನ್ನು ಬರೆಯಿರಿ, ಅದು ಬದಲಾಗಲ್ಲ. 'ಸಿಪ್ಪೆ' ಮಾತ್ರ ಬಿಡಬೇಡಿ. ಬೆಂಗಳೂರು ನೀಲಿ ದ್ರಾಕ್ಷಿ ಸುಲಿದು ನೋಡಿ, ಒಳಗೆ ತಿಳಿಹಸಿರು ತಿರುಳು. ಬಣ್ಣವೆಲ್ಲ ಮೇಲೆಯೇ. ಇಟಲಿಯವರು 1879ರಿಂದಲೇ ವೈನಿಗೆ ಹಿಂಡಿ ಉಳಿದ ಸಿಪ್ಪೆಯಿಂದ ಈ ಬಣ್ಣ ತೆಗೆದು ಮಾರಿದವರು. ನಮ್ಮ ಕಡೆ ಆಲೆಮನೆಯಲ್ಲಿ ಗಾಣದಿಂದ ಹೊರಬಿದ್ದ ಕಬ್ಬಿಗೂ ಸಿಪ್ಪೆ ಎಂದೇ ಹೇಳುವುದು. ಹಣ್ಣಿನ ಮೇಲಿನದಕ್ಕೂ ಹಿಂಡಿ ಬಿಟ್ಟದ್ದಕ್ಕೂ ಒಂದೇ ಮಾತು ಸಾಕಾಗುತ್ತೆ.

— ಮಂಡ್ಯ

*

ಇಟಲಿ ಕಟ್ಟಿಕೊಂಡು ಏನಾಗಬೇಕು? ಕನ್ನಡದ ಬೇರಿನಿಂದ ಕಟ್ಟುವ ಪದವನ್ನು ಹೀಗೆ ನಕ್ಕು ನಕ್ಕೇ ಕೊಂದಿರಿ. ಇವತ್ತು ಸಾರು, ನಾಳೆ ಇನ್ನೊಂದು.

— ಒಂಟಿಕೊಪ್ಪಲು

*

ಬೇರಿನ ಮಾತು ಬಂತಲ್ಲ. 'ಬಣ್ಣ' ಬಂದದ್ದು 'ವರ್ಣ'ದಿಂದ. 'ದ್ರಾಕ್ಷಿ' ಸಂಸ್ಕೃತ. 'ಶರಬತ್ತು' ಅರಬ್ಬಿ. 'ಲೇಬಲ್' ಹೇಳಬೇಕಿಲ್ಲ. ಎಲ್ಲವನ್ನೂ ಸೋಸುತ್ತಾ ಹೋದರೆ ನಿಮ್ಮ ಬಾಟಲಿಯಲ್ಲಿ ಸಿಪ್ಪೆ ಒಂದೇ ಉಳಿಯುತ್ತೆ.

— ಮಂಡ್ಯ

*

ತದ್ಭವವನ್ನೂ ಸಾಲವನ್ನೂ ಒಂದೇ ತಕ್ಕಡಿಗೆ ಹಾಕುವವರ ಜೊತೆ ವಾದವಿಲ್ಲ.

— ಒಂಟಿಕೊಪ್ಪಲು

*

ಇಬ್ಬರಿಗೂ ಥ್ಯಾಂಕ್ಸ್. 'ದ್ರಾಕ್ಷಿ ಸಿಪ್ಪೆಯಿಂದ ತೆಗೆದ ಬಣ್ಣ' ಎಂದು ಕೊಟ್ಟೆ. 'ನೈಸರ್ಗಿಕ' ಬಿಟ್ಟೆ, ಜಾಗ ಇರಲಿಲ್ಲ.

— ಸರಸ್ವತಿಪುರಂ

*

'ತೆಗೆದ' ತಪ್ಪು. ಬಣ್ಣ ತೆಗೆಯುವುದು ಅಂದರೆ ಬಣ್ಣ ಹೋಗಿಸುವುದು. 'ಇಳಿಸಿದ' ಆಗಬೇಕಿತ್ತು.

— ಒಂಟಿಕೊಪ್ಪಲು

*

ಪ್ರಿಂಟಿಗೆ ಹೋಯ್ತು ಸಾರ್.

— ಸರಸ್ವತಿಪುರಂ