‘ವಿತ್‌ಡ್ರಾಯಲ್ ಪೀರಿಯಡ್’: ಕಾಯುವ ಅವಧಿಯೋ, ವರ್ಜ್ಯ ಅವಧಿಯೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳುವುದಿದೆ. ಕೃಷಿ, ಔಷಧ ತಯಾರಿಕೆ, ಪಶುವೈದ್ಯ ಮೂರನ್ನೂ ಮುಟ್ಟುವ ಸಂಶೋಧನಾ ಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ‘ವಿತ್‌ಡ್ರಾಯಲ್ ಪೀರಿಯಡ್’ ನನ್ನನ್ನು ತಡೆದು ನಿಲ್ಲಿಸಿದೆ.

ಅರ್ಥದಲ್ಲಿ ಗೊಂದಲವಿಲ್ಲ. ಪಶುವಿಗೆ ಕೊನೆಯ ಸಲ ಔಷಧ ಕೊಟ್ಟ ಹೊತ್ತಿನಿಂದ ಲೆಕ್ಕ ಶುರು. ಹಾಲು, ಮಾಂಸ, ಮೊಟ್ಟೆಯಲ್ಲಿ ಉಳಿದ ಔಷಧದ ಅಂಶ ನಿಗದಿತ ಮಿತಿಗಿಂತ ಕೆಳಗಿಳಿಯುವವರೆಗೆ ಅವನ್ನು ಜನರ ಆಹಾರಕ್ಕೆ ಬಳಸಬಾರದು. ಆ ನಡುವಿನ ಕಾಲಕ್ಕೆ ಹೆಸರು ಬೇಕು.

ಮೊದಲು ‘ಹಿಂತೆಗೆದುಕೊಳ್ಳುವ ಅವಧಿ’ ಎಂದು ಬರೆದೆ. ಕರಡು ಓದಿದ ಗೆಳತಿ, “ಈ ಔಷಧವನ್ನು ಮಾರುಕಟ್ಟೆಯಿಂದ ವಾಪಸು ಪಡೆಯುತ್ತಿದ್ದಾರೆಯೇ?” ಎಂದು ಕೇಳಿದರು. ಅವರ ಓದು ಸರಿಯೇ. ಕನ್ನಡದಲ್ಲಿ ಹಿಂತೆಗೆದುಕೊಳ್ಳುವುದು ಆದೇಶವನ್ನು, ಮೊಕದ್ದಮೆಯನ್ನು, ಹೇಳಿಕೆಯನ್ನು, ಹಾಲನ್ನಲ್ಲ. ‘ಹಾಲು ಬಿಡುವ ಅವಧಿ’ ಎಂದರೆ ಕರು ಹಾಲು ಬಿಡುವ ಕಾಲವಾಗಿಬಿಡುತ್ತದೆ.

ಕೀಟನಾಶಕದ ವಿಷಯದಲ್ಲಿ, ಕೊನೆಯ ಸಿಂಪಡಣೆಗೂ ಕೊಯ್ಲಿಗೂ ಇರಬೇಕಾದ ಅಂತರವನ್ನು ‘ಕಾಯುವ ಅವಧಿ’ ಎನ್ನುವುದುಂಟು. ಸರಳವಾದ, ಒಳ್ಳೆಯ ಮಾತು. ಬೆಳೆ ಹೊಲದಲ್ಲೇ ನಿಂತಿರುತ್ತದೆ, ರೈತ ನಿಜವಾಗಿಯೂ ಕಾಯುತ್ತಾನೆ. ಹಸುವಿನ ಮಾತು ಹಾಗಲ್ಲ. ಅದನ್ನು ಎರಡು ಹೊತ್ತೂ ಕರೆಯಲೇಬೇಕು; ಕರೆದ ಹಾಲನ್ನು ಬೇರೆ ಪಾತ್ರೆಗೆ ಹಾಕಿ ಚೆಲ್ಲಬೇಕು. ಅಲ್ಲಿ ಕಾಯುವ ಕೆಲಸವಿಲ್ಲ, ಬೇರ್ಪಡಿಸುವ ಕೆಲಸವಿದೆ.

ಅದಕ್ಕಿಂತ ದೊಡ್ಡ ತೊಡಕು ‘ಕಾಯು’ ಎಂಬ ಧಾತುವಿನಲ್ಲೇ ಇದೆ. ಹಾಲಿನ ಪಕ್ಕದಲ್ಲಿ ಅದನ್ನು ಇಟ್ಟರೆ ಮೊದಲು ಹೊಳೆಯುವ ಅರ್ಥ ಬಿಸಿಯಾಗುವುದು: ‘ಹಾಲು ಕಾಯಿತೇ?’ ಔಷಧದ ಚೀಟಿಯ ಮೇಲೆ ‘ಹಾಲು: ಕಾಯುವ ಅವಧಿ’ ಎಂದು ಕಂಡವರು ಚೆನ್ನಾಗಿ ಕಾಯಿಸಿದರೆ ಸಾಕೆಂದುಕೊಂಡರೆ ತಪ್ಪು ಅವರದಲ್ಲ. ಆದರೆ ಕಾಯಿಸಿದ ಮಾತ್ರಕ್ಕೆ ಪೆನಿಸಿಲಿನ್‌ನಂಥ ಪ್ರತಿಜೀವಕದ (ಆ್ಯಂಟಿಬಯೊಟಿಕ್) ಶೇಷ ಪೂರ್ತಿ ನಾಶವಾಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪಿನ ಬ್ಯಾಕ್ಟೀರಿಯಾಗಳೇ ಸೊರಗಿ ಮೊಸರು ಸರಿಯಾಗಿ ಕಟ್ಟದಿರಬಹುದು. ಇಂಥ ಕಡೆ ಪದದ ಇಬ್ಬಗೆ ಕೇವಲ ಭಾಷೆಯ ತೊಂದರೆಯಾಗಿ ಉಳಿಯುವುದಿಲ್ಲ.

ನನ್ನ ಮನಸ್ಸು ‘ವರ್ಜ್ಯ’ದ ಕಡೆ ವಾಲುತ್ತಿದೆ. ಬಿಡತಕ್ಕದ್ದು ಎಂಬ ಅರ್ಥ ಅದರಲ್ಲಿ ನೇರವಾಗಿದೆ. ಪಂಚಾಂಗದ ಬಳಕೆಯಿಂದಾಗಿ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಎಂಬ ಕಾಲದ ಗಡಿಯೂ ಅದಕ್ಕೆ ಅಂಟಿಕೊಂಡಿದೆ. ‘ತ್ಯಾಜ್ಯ’ಕ್ಕೂ ಇದೇ ಅರ್ಥವಿತ್ತು, ಆದರೆ ಇಂದು ಅದು ಕಸದ ಹೆಸರಾಗಿ ನಿಂತಿದೆ. ಉದ್ದ ಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕದ ಚುಚ್ಚುಮದ್ದೊಂದರ ಅಮೆರಿಕದ ಚೀಟಿಯನ್ನು ‘ಹಾಲು ವರ್ಜ್ಯ: 96 ಗಂಟೆ, ಮಾಂಸ ವರ್ಜ್ಯ: 28 ದಿನ’ ಎಂದು ಬರೆದು ನೋಡಿದೆ. ಅಳತೆ ಸ್ಪಷ್ಟವಾಗಿ ಕೂರುತ್ತದೆ. ಬೆಳೆಗೆ ‘ಕೊಯ್ಲು ವರ್ಜ್ಯ’ ಎನ್ನಬಹುದು, ಆದರೆ ಅಲ್ಲಿ ‘ಕಾಯುವ ಅವಧಿ’ಯನ್ನು ಕದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಇದರ ಜೊತೆಗೇ ‘ಫಾರ್ಮುಲೇಷನ್’ ಬರುತ್ತದೆ. ಔಷಧ ಅದೇ ಆದರೂ ಅದನ್ನು ಬೆರೆಸಿದ ದ್ರವ, ಕೊಡುವ ದಾರಿ ಬದಲಾದರೆ ಈ ಅವಧಿಯೂ ಬದಲಾಗುತ್ತದೆ. ‘ಸೂತ್ರೀಕರಣ’ ಎಂದರೆ ಗಣಿತದ ವಾಸನೆ. ‘ಔಷಧ ರೂಪ’ ಎಂದು ಬಳಸುತ್ತಿದ್ದೇನೆ, ಸದ್ಯಕ್ಕೆ ಸಾಕೆನಿಸಿದೆ.

‘ವರ್ಜ್ಯ’ ಮುಗ್ಗರಿಸುವ ಒಂದು ಜಾಗವಿದೆ. ಹುಳು, ಉಣ್ಣೆಗಳಂಥ ಪರೋಪಜೀವಿಗಳಿಗೆ ಕೊಡುವ ಐವರ್ಮೆಕ್ಟಿನ್ ಔಷಧ ಕೊಬ್ಬಿನಲ್ಲಿ ಕರಗುತ್ತದೆ, ಹಾಲಿಗೂ ಇಳಿದು ಬಹಳ ದಿನ ಉಳಿಯುತ್ತದೆ. ಅದೇ ಕುಟುಂಬದ ಎಪ್ರಿನೊಮೆಕ್ಟಿನ್ ಹಾಲಿಗೆ ಸೇರುವುದು ತೀರ ಕಡಿಮೆ. ಅದರ ಬೆನ್ನ ಮೇಲೆ ಸುರಿಯುವ ರೂಪಕ್ಕೆ ಅನೇಕ ದೇಶಗಳಲ್ಲಿ ಹಾಲಿನ ಅವಧಿ ಶೂನ್ಯ. ಇದನ್ನು ‘ಹಾಲು ವರ್ಜ್ಯ: ಶೂನ್ಯ’ ಎಂದು ಬರೆದರೆ, ಅವಸರದಲ್ಲಿ ಓದುವವರ ಕಣ್ಣು ‘ಹಾಲು ವರ್ಜ್ಯ’ದಲ್ಲೇ ನಿಂತು, ಕುಡಿಯಬಹುದಾದ ಹಾಲೂ ಚೆಲ್ಲಿಹೋದೀತು. ‘ವರ್ಜ್ಯವಿಲ್ಲ’ ಎಂದರೆ ಸಾಕೇ? ಪಶುವೈದ್ಯರು, ಹೈನುಗಾರಿಕೆ ಮಾಡುವವರು ಹಾಲು ಬಿಡಬೇಕಾದಾಗ, ಬಿಡಬೇಕಿಲ್ಲದಾಗ, ಈ ಎರಡು ಸಂದರ್ಭಗಳಲ್ಲೂ ಬಾಯಿಮಾತಿನಲ್ಲಿ ಏನೆನ್ನುತ್ತಾರೆ ಎಂಬುದನ್ನು ದಯವಿಟ್ಟು ಬರೆಯಿರಿ.