ಮಣ್ಣಲ್ಲಿ ತಾಮ್ರ ಕಾಣುತ್ತೆ, ಚಿನ್ನ ಕಾಣಲ್ಲ: ಚಿತ್ರದುರ್ಗ ಶಿಲಾಪಟ್ಟಿಯ ಮಾದರಿಗಳನ್ನು ಓದೋದು ಹೇಗೆ?

ಹಸಿರುಕಲ್ಲು_ಜ್ಞಾನಭಾರತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಚಿತ್ರದುರ್ಗ ಗ್ರೀನ್‌ಸ್ಟೋನ್ ಪಟ್ಟಿಯಲ್ಲಿ (ಹಳೆಯ ಹಸಿರು ಲಾವಾ ಶಿಲೆಗಳ ಪಟ್ಟೆ) ಒಂದು ಸಣ್ಣ ಜಾಗ ಆರಿಸಿಕೊಂಡಿದ್ದೇವೆ. ಟೋಪೋಶೀಟ್ 57ಬಿ/8. ಕಲ್ಲು ಬಹುತೇಕ ಮೆಟಾಬಸಾಲ್ಟ್ (ಶಾಖ, ಒತ್ತಡಕ್ಕೆ ಬದಲಾದ ಲಾವಾ ಕಲ್ಲು), ನಡುನಡುವೆ ಚರ್ಟ್ (ನುಣುಪು ಸಿಲಿಕಾ ಕಲ್ಲು) ಪಟ್ಟೆಗಳು, ಒಂದು ಕಡೆ ಶಿಯರ್ ಆದ (ಒತ್ತಡಕ್ಕೆ ಜಾರಿ ನುಜ್ಜಾದ) ಜಾಗದಲ್ಲಿ ಬೆಣಚುಕಲ್ಲಿನ ಎಳೆಗಳು. ಮಣ್ಣಿನ ಮಾದರಿ ತೆಗೆದದ್ದು ಹೀಗೆ: ಸಾಲಿಂದ ಸಾಲಿಗೆ 100 ಮೀಟರ್, ಸಾಲಿನೊಳಗೆ 25 ಮೀಟರಿಗೊಂದು, ಆಳ ಸುಮಾರು 10 ಸೆಂ.ಮೀ. ಅರ್ಧದಷ್ಟು ಸಾಲುಗಳು ದಾಳಿಂಬೆ ಮತ್ತು ಅಡಿಕೆ ತೋಟದೊಳಗೆ ಹಾದುಹೋಗುತ್ತವೆ.

ಫಲಿತಾಂಶ ಗೊಂದಲ ಹುಟ್ಟಿಸಿದೆ. ತಾಮ್ರ ಎಲ್ಲೆಡೆ 160ರಿಂದ 240 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು), ಆದರೆ ಚಿನ್ನ ಪ್ರತಿಯೊಂದರಲ್ಲೂ '50 ಪಿಪಿಬಿಗಿಂತ ಕಡಿಮೆ' (ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು). ಬೆಣಚಿನ ಎಳೆಯಿಂದ ಒಡೆದ ಒಂದು ಚಿಪ್ ಮಾದರಿಗೆ ಮೊದಲ ಅಸೇಯಲ್ಲಿ (ಲೋಹ ಎಷ್ಟಿದೆ ಅನ್ನೋ ಪರೀಕ್ಷೆ) ಟನ್ನಿಗೆ 4.1 ಗ್ರಾಂ ಬಂತು. ಅದೇ ಪುಡಿಯನ್ನು ಎರಡನೇ ಸಲ ಮಾಡಿಸಿದರೆ 0.3. ಲ್ಯಾಬ್ ತಪ್ಪಾ, ಮಾದರಿ ತಪ್ಪಾ? ತಾಮ್ರದ ಬೆನ್ನು ಹತ್ತಿದರೆ ಚಿನ್ನ ಸಿಗುತ್ತಾ? ಹಳೆಯ ಶೋಧನೆಯ ದಾಖಲೆಗಳನ್ನು ಬೆಂಗಳೂರಲ್ಲೇ ಎಲ್ಲಿ ನೋಡಬಹುದು?

ಕೋರ್‌ಬಾಕ್ಸ್:

ಮೊದಲು ತಾಮ್ರದ ವಿಷಯ. ಮೆಟಾಬಸಾಲ್ಟಿನಲ್ಲಿ ಅದಿರೇನೂ ಇಲ್ಲದಿದ್ದರೂ ತಾಮ್ರ 100 ಪಿಪಿಎಂ ಆಸುಪಾಸು ಇರುತ್ತೆ. ಲಾಲ್‌ಬಾಗ್ ಬಂಡೆಯಂಥ ನೈಸಿನಲ್ಲಿ 10–20 ಇದ್ದರೆ ಹೆಚ್ಚು. ನೈಸು, ಬಸಾಲ್ಟು, ಚರ್ಟು ಎಲ್ಲಕ್ಕೂ ಒಂದೇ ಸರಾಸರಿ ತೆಗೆದು 'ಅನಾಮಲಿ' (ಅಸಹಜ ಹೆಚ್ಚಳ) ಅಂತ ಬಣ್ಣ ಹಚ್ಚಿದರೆ ಸಿಗೋದು ಬಸಾಲ್ಟಿನ ನಕ್ಷೆ, ಅದಿರಿನದಲ್ಲ. ಕೆಳಗಿರುವ ಕಲ್ಲಿನ ಪ್ರಕಾರ ಮಾದರಿಗಳನ್ನು ಬೇರೆ ಬೇರೆ ಗುಂಪು ಮಾಡಿ, ಆಮೇಲೆ ಹೊಸ್ತಿಲು ಮೌಲ್ಯ (ಇದಕ್ಕಿಂತ ಹೆಚ್ಚಿದ್ದರೆ ಅಸಹಜ ಅನ್ನೋ ಅಂಕಿ) ನಿರ್ಧರಿಸಿ.

ಎರಡನೆಯದು ತೋಟ. ದಾಳಿಂಬೆಗೂ ಅಡಿಕೆಗೂ ಬೋರ್ಡೋ ಹೊಡೀತಾರೆ. 1% ದ್ರಾವಣ ಅಂದರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ. ಎಕರೆಗೆ ಒಂದು ಸಲಕ್ಕೆ 400 ಲೀಟರ್ ಅಂತ ಇಟ್ಟುಕೊಳ್ಳಿ: ಸುಮಾರು 1 ಕೆ.ಜಿ. ತಾಮ್ರ ನೆಲಕ್ಕೆ ಬಿತ್ತು. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು 850 ಟನ್ ಹತ್ತಿರ ತೂಗುತ್ತೆ, ಹಾಗಾಗಿ ಪ್ರತಿ ಸಿಂಪಡಣೆಗೆ 1.2 ಪಿಪಿಎಂ. ಐವತ್ತು ಸಲ ಹೊಡೆದ ತೋಟದಲ್ಲಿ 60 ಪಿಪಿಎಂ ಬರೀ ಔಷಧಿಯದ್ದೇ! ತಾಮ್ರ ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಮೇಲೇ ಉಳಿಯುತ್ತೆ, ನೀವು ತೆಗೆದ 10 ಸೆಂ.ಮೀ.ನಲ್ಲೇ.

ಮತ್ತೆ ತೆಗೆಯಿರಿ. ಮೇಲ್ಮಣ್ಣು ಸರಿಸಿ 40–50 ಸೆಂ.ಮೀ. ಆಳದಿಂದ, ಬಿ ಪದರದ (ಮೇಲ್ಮಣ್ಣಿನ ಕೆಳಗಿನ) ಮಣ್ಣು, 80 ಮೆಶ್ ಜರಡಿಯಲ್ಲಿ ಇಳಿದದ್ದು ಮಾತ್ರ. ನೈಲಾನ್ ಅಥವಾ ಸ್ಟೀಲ್ ಜರಡಿ ಇರಲಿ. ಹಿತ್ತಾಳೆ ಜರಡಿ ಬಳಸಿದರೆ ಅದರದ್ದೇ ತಾಮ್ರ, ಸತು ಸೇರಿಕೊಳ್ಳುತ್ತೆ. ಬದು, ಗೊಬ್ಬರದ ಗುಂಡಿ, ಕೆರೆ ಹೂಳು ಹೊಡೆಸಿದ ಹೊಲ ಇವನ್ನೆಲ್ಲ ಬಿಟ್ಟುಬಿಡಿ. ಕೆರೆ ಮಣ್ಣು ಬೇರೆಲ್ಲಿಂದಲೋ ಬಂದಿರುತ್ತೆ, ಅದರ ಅಂಕಿ ಅಂಶ ನಿಮ್ಮ ಜಾಗದ್ದಲ್ಲ. ಎರೆ ಮಣ್ಣಿನ ಕೆಳಗೆ ಸುಣ್ಣದ ಗಂಟುಗಳ ಪದರ ಸಿಕ್ಕರೆ ಅದನ್ನು ಪ್ರತ್ಯೇಕ ಚೀಲದಲ್ಲಿ ಹಾಕಿ, ಮಣ್ಣಿನ ಜೊತೆ ಬೆರೆಸಬೇಡಿ. ಸುಣ್ಣದ ಪದರ ಲೋಹಗಳನ್ನು ಹಿಡಿದಿಡುತ್ತೆ, ಅದರ ಲೆಕ್ಕವೇ ಬೇರೆ. ಹಳೆ ಗಣಿಯ ಟೈಲಿಂಗ್ಸ್ (ಲೋಹ ತೆಗೆದು ಬಿಸಾಡಿದ ಪುಡಿ) ಗುಡ್ಡೆಯಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಸಾಲು ಬಿದ್ದಿದ್ದರೆ ಅದನ್ನೂ ನಕ್ಷೆಯಲ್ಲಿ ಗುರುತು ಮಾಡಿ.

ಚಿನ್ನದ '50 ಪಿಪಿಬಿಗಿಂತ ಕಡಿಮೆ' ಅನ್ನೋದಕ್ಕೆ ಅರ್ಥವೇ ಇಲ್ಲ. ಮಣ್ಣಲ್ಲಿ ಹಿನ್ನೆಲೆ ಮಟ್ಟವೇ ಕೆಲವೇ ಪಿಪಿಬಿ, 20–30 ಬಂದರೆ ಅದೇ ದೊಡ್ಡ ಸುದ್ದಿ. ನೀವು ಮಾಡಿಸಿದ್ದು ಅದಿರಿಗೆ ಮಾಡುವ ವಿಧಾನ. ಕಿರಾಣಿ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. 1 ಪಿಪಿಬಿವರೆಗೆ ಅಳೆಯುವ ವಿಧಾನ ಬೇಕು ಅಂತ ಲ್ಯಾಬಿಗೆ ಬರೆದುಕೊಡಿ.

ತಾಮ್ರದ ಬೆನ್ನು ಹತ್ತಬೇಕಾ? ಈ ಪಟ್ಟಿಯಲ್ಲಿ ಬೇಡ. ಚಿತ್ರದುರ್ಗದ ಹತ್ತಿರದ ಇಂಗಳದಾಳ್ ಕಡೆ ತಾಮ್ರ ಬಸಾಲ್ಟ್ ಮತ್ತು ಚರ್ಟಿನೊಳಗಿನ ಚಾಲ್ಕೋಪೈರೈಟಿನಲ್ಲಿ (ತಾಮ್ರದ ಸಲ್ಫೈಡ್, ಅಂದರೆ ಗಂಧಕ ಸೇರಿದ ಖನಿಜ) ಕೂತಿದೆ, ಜೊತೆಗೆ ಕಬ್ಬಿಣದ ಸಲ್ಫೈಡುಗಳಾದ ಪೈರೈಟ್, ಪಿರ್ಹೊಟೈಟ್ ಇವೆ. ಜಿ.ಆರ್. ಹಳ್ಳಿಯ ಚಿನ್ನ ಶಿಯರ್ ಆಗಿ ಕಾರ್ಬೊನೇಟ್ ತುಂಬಿದ ಬಸಾಲ್ಟಿನಲ್ಲಿ, ಪೈರೈಟ್ ಮತ್ತು ಆರ್ಸೆನೋಪೈರೈಟ್ (ಆರ್ಸೆನಿಕ್ ಇರುವ ಸಲ್ಫೈಡ್) ಜೊತೆ. ಸಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಕಬ್ಬಿಣದ ಪಟ್ಟೆಶಿಲೆಯನ್ನು ಸಲ್ಫೈಡ್ ತಿಂದುಹಾಕಿದ ಜಾಗದಲ್ಲಿ. ಒಂದೇ ಪಟ್ಟಿ, ನೆರೆಹೊರೆ, ಆದರೆ ಎರಡು ಲೋಹಗಳ ಮನೆ ಬೇರೆ. ಚಿನ್ನಕ್ಕೆ ಇಲ್ಲಿ ದಾರಿ ತೋರೋದು ಆರ್ಸೆನಿಕ್. ಅದನ್ನು, ಜೊತೆಗೆ ಆಂಟಿಮನಿ ಮತ್ತು ಟಂಗ್‌ಸ್ಟನ್ ಸೇರಿಸಿ ಅಳೆಸಿ.

ಮೂಸೆ:

4.1 ಮತ್ತು 0.3ರ ಬಗ್ಗೆ. ಲ್ಯಾಬನ್ನು ಬೈಯೋ ಮುಂಚೆ ಈ ಲೆಕ್ಕ ನೋಡಿ. ಫೈರ್ ಅಸೇಗೆ (ಪುಡಿಯನ್ನು ಸೀಸದ ಜೊತೆ ಕರಗಿಸಿ, ಚಿನ್ನವನ್ನು ಸೀಸಕ್ಕೆ ಇಳಿಸಿ ಅಳೆಯುವ ಪರೀಕ್ಷೆ) ಮೂಸೆಗೆ ಹಾಕೋದು 30 ಗ್ರಾಂ ಪುಡಿ. ಪ್ರತಿ ಬದಿ 0.18 ಮಿ.ಮೀ. ಇರುವ ಒಂದು ಚಿನ್ನದ ಕಾಳಿನ ತೂಕ ಸುಮಾರು 113 ಮೈಕ್ರೊಗ್ರಾಂ. 30 ಗ್ರಾಮಿಗೆ ಭಾಗಿಸಿದರೆ ಟನ್ನಿಗೆ 3.75 ಗ್ರಾಂ. ಅಂದರೆ ನಿಮ್ಮ ಎರಡು ಫಲಿತಾಂಶದ ನಡುವಿನ ವ್ಯತ್ಯಾಸ ಪೂರ್ತಿ ಒಂದೇ ಒಂದು ಕಾಳಿನದ್ದಾಗಿರಬಹುದು. ಅದು ಮೊದಲ ಮೂಸೆಗೆ ಬಿತ್ತು, ಎರಡನೆಯದಕ್ಕೆ ಬೀಳಲಿಲ್ಲ. 'ಪುಡಿ 75 ಮೈಕ್ರಾನ್ ಆಗಿದೆಯಲ್ಲ' ಅಂತೀರಾ? ಬೆಣಚು ಒಡೆದು ಪುಡಿಯಾಗುತ್ತೆ, ಚಿನ್ನ ತಟ್ಟೆಯಾಗುತ್ತೆ ಅಷ್ಟೆ. ಒಡೆಯಲ್ಲ.

ಇಂಥ ಕಲ್ಲಿಗೆ ಸ್ಕ್ರೀನ್ ಫೈರ್ ಅಸೇ ಮಾಡಿಸಿ. 1 ಕೆ.ಜಿ. ಪುಡಿಯನ್ನು 106 ಮೈಕ್ರಾನ್ ಜರಡಿಯಲ್ಲಿ ಸೋಸಿ, ಮೇಲೆ ಉಳಿದದ್ದನ್ನು ಪೂರ್ತಿಯಾಗಿ ಕರಗಿಸಬೇಕು. ಕೆಳಗಿಳಿದದ್ದರಲ್ಲಿ ಎರಡು ಸಲ 30–50 ಗ್ರಾಂ ತೆಗೆದು ಅಸೇ ಮಾಡಿ, ತೂಕದ ಪ್ರಕಾರ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮೇಲಿನ ಭಾಗದಲ್ಲೇ ಬಹುಪಾಲು ಚಿನ್ನ ಸಿಕ್ಕರೆ ಮುಂದೆ ಎಲ್ಲ ಮಾದರಿಗೂ ಇದೇ ದಾರಿ. ಮಾದರಿಯೂ ದೊಡ್ಡದಿರಲಿ. ಮುಷ್ಟಿಗಾತ್ರದ ಒಂದು ಕಲ್ಲು ಸಾಲದು, 3–5 ಕೆ.ಜಿ. ಬೇಕು. 2 ಮಿ.ಮೀ.ಗೆ ಒಡೆಸಿ ಆಮೇಲೆ ಭಾಗ ಮಾಡಬೇಕು, ಒಡೆಯೋ ಮುಂಚೆ ಅಲ್ಲ.

ಇನ್ನೊಂದು ತೊಂದರೆ ಉಲ್ಟಾ ದಿಕ್ಕಿನದು. ಆರ್ಸೆನೋಪೈರೈಟ್ ಅಥವಾ ಚಾಲ್ಕೋಪೈರೈಟ್ ದಂಡಿಯಾಗಿರುವ ಮಾದರಿಗೆ ಮಾಮೂಲಿ ಫ್ಲಕ್ಸ್ (ಕರಗಿಸಲು ಬೆರೆಸುವ ಪುಡಿ) ಹಾಕಿದರೆ ಚಿನ್ನ ಹಿಡಿದ ಸೀಸದ ಉಂಡೆಯ ಮೇಲೆ ಬೂದು ಬಣ್ಣದ ಗಡಸು ಪದರ ಕೂರುತ್ತೆ. ಸುತ್ತಿಗೆಯಿಂದ ಕಿಟ್ಟ ಬಿಡಿಸುವಾಗ ಅದು ಚೂರಾಗಿ ಕಿಟ್ಟದ ಜೊತೆಯೇ ಹೋಗುತ್ತೆ, ಒಳಗಿದ್ದ ಚಿನ್ನವೂ ಹೋಯಿತು. ಫಲಿತಾಂಶ ನಿಜಕ್ಕಿಂತ ಕಡಿಮೆ. ಹಾಗಾಗಿ ಪುಡಿಯನ್ನು 10–15 ಗ್ರಾಮಿಗೆ ಇಳಿಸಿ ಲಿಥಾರ್ಜ್ (ಸೀಸದ ಆಕ್ಸೈಡ್) ಹೆಚ್ಚಿಸಬೇಕು, ಪೆಟ್ಲುಪ್ಪು ಸೇರಿಸಬೇಕು, ಇಲ್ಲವೇ ಮೊದಲು 600–650 ಡಿಗ್ರಿಯಲ್ಲಿ ನಿಧಾನ ಹುರಿಯಬೇಕು. ಮಾದರಿಯ ಚೀಟಿಯ ಮೇಲೆ 'ಸಲ್ಫೈಡ್ ಇದೆ' ಅಂತ ಬರೆಯದಿದ್ದರೆ ಲ್ಯಾಬಿನವರಿಗೆ ಕನಸು ಬೀಳಲ್ಲ.

ಪ್ರತಿ 20 ಮಾದರಿಗೆ ಒಂದು ಪ್ರಮಾಣಿತ ಮಾದರಿ (ಅಂಕಿ ಮೊದಲೇ ಗೊತ್ತಿರುವುದು), ಒಂದು ಬ್ಲ್ಯಾಂಕ್ (ಚಿನ್ನವಿಲ್ಲದ್ದು), ಒಂದು ನಕಲು ಸೇರಿಸಿ. ಬ್ಲ್ಯಾಂಕ್ ಪುಡಿ ರೂಪದಲ್ಲಿ ಕೊಡಬೇಡಿ, ಬರಡು ಬೆಣಚಿನ ಜಲ್ಲಿ ಕೊಡಿ, ಅದೂ ಒಳ್ಳೆ ದರ್ಜೆಯ ಮಾದರಿ ಆದ ತಕ್ಷಣದ ನಂಬರಿಗೇ. ಕ್ರಷರ್ ಸರಿಯಾಗಿ ತೊಳೆದಿದ್ದಾರಾ ಇಲ್ಲವಾ ಅಂತ ಆಗ ಮಾತ್ರ ಗೊತ್ತಾಗೋದು.

ಹಳೇಗುಂಡಿ:

ದಾಖಲೆಗಳ ಪ್ರಶ್ನೆಗೆ: ಜಿಯಲಾಜಿಕಲ್ ಸರ್ವೆಯ ರಾಜ್ಯ ಘಟಕ ಕುಮಾರಸ್ವಾಮಿ ಲೇಔಟಿನಲ್ಲಿದೆ, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ. ಆದರೆ ಮೊದಲು ಮನೆಯಲ್ಲೇ ಕೂತು ಭೂಕೋಶ್ (ಜಿಯಲಾಜಿಕಲ್ ಸರ್ವೆಯ ಜಾಲತಾಣ) ಮತ್ತು 2023ರ ಡಿಸೆಂಬರಲ್ಲಿ ಶುರುವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ನೋಡಿ. ಟೋಪೋಶೀಟ್ ನಂಬರ್ ಹಾಕಿ ಹುಡುಕಿ, ಊರ ಹೆಸರು ಬೇಡ. ಇಂಗಳದಾಳ್ ಅನ್ನೋದನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆದಿರ್ತಾರೆ.

ಇತಿಹಾಸದ್ದು ಚಿಕ್ಕದಾಗಿ: ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಮೈಸೂರು ಸೀಮೆಯ ಚಿನ್ನದ ನೆಲ ಸುತ್ತಿ ಹಳೆ ಗುಂಡಿಗಳನ್ನು ದಾಖಲಿಸಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಕಟ್ಟಿದಾಗ ಅವರನ್ನೇ ಮುಖ್ಯಸ್ಥರನ್ನಾಗಿ ಕರೆಸಿತು. ಇಂಗಳದಾಳದಲ್ಲಿ ಗಣಿ ನಡೆದದ್ದು ಸ್ವಾತಂತ್ರ್ಯಾನಂತರ, ಕೊನೆಗೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಚಿತ್ರದುರ್ಗ ಘಟಕಕ್ಕೆ ಸೇರಿತು.

ಹಳೆ ಗುಂಡಿ ಕಂಡ ತಕ್ಷಣ ಕುಣಿಯಬೇಡಿ. ಹಿಂದಿನವರು ಬೆಣಚಿನಲ್ಲಿ ಬಿಡಿಯಾಗಿದ್ದ ಚಿನ್ನವನ್ನು ಕುಟ್ಟಿ, ಬೀಸಿ, ತೊಳೆದು ತೆಗೆದರು. ಸಲ್ಫೈಡ್ ಶುರುವಾದ ಕಡೆ ತೊಳೆದರೆ ಸಿಗದು, ನೀರು ಬಂದ ಕಡೆ ಇಳಿಯಲಾಗದು, ಅಲ್ಲಿಗೆ ನಿಲ್ಲಿಸಿದರು. (ಹಟ್ಟಿಯಲ್ಲಿ 600 ಅಡಿ ದಾಟಿ ಇಳಿದಿದ್ದರು, ಅದು ಅಪವಾದ.) ಹಾಗಾಗಿ ಗುಂಡಿ ಹೇಳೋದು ಮೇಲಿನ ಕೊಳೆತ ವಲಯದ ಕಥೆ ಮಾತ್ರ. ಅದಕ್ಕಿಂತ ಒಳ್ಳೆ ಸಾಕ್ಷಿ ಹತ್ತಿರದ ಬಂಡೆಯ ಮೇಲಿನ ಒರಳಿನಂಥ ಕುಳಿಗಳು, ಸವೆದು ನುಣುಪಾದವು. ತಾಮ್ರಕ್ಕಾದರೆ ಕಿಟ್ಟ: ಕಪ್ಪಗೆ, ಗಾಜಿನ ಹೊಳಪು, ಒಡೆದ ಮುಖದಲ್ಲಿ ಹಸಿರು ಚುಕ್ಕೆ. ಹಸಿರಿಲ್ಲದಿದ್ದರೆ ಕಬ್ಬಿಣದ ಕುಲುಮೆಯದ್ದಿರಬಹುದು, ಪರೀಕ್ಷೆ ಮಾಡಿಸಿ.

ಊರ ಹೆಸರೂ ಸುಳಿವೇ, ಆದರೆ ಹುಷಾರು. ಹೊನ್ನಾಳಿ ಸೀಮೆಯಲ್ಲಿ ಹೊನ್ನು ನಿಜಕ್ಕೂ ಸಿಕ್ಕಿದೆ. ಹೊನ್ನೆ ಅನ್ನೋದು ಮರದ ಹೆಸರೂ ಹೌದಲ್ಲ, 'ಹೊನ್ನೆ' ಇದ್ದ ಗುಡ್ಡವೆಲ್ಲ ಬಂಗಾರದ್ದಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನ ತೆಗೀತಿದ್ದರು. ಅದನ್ನು ನೋಡಿ ಗದಗದ ಕಡೆ ಇಂಗ್ಲಿಷ್ ಕಂಪನಿಗಳು 1900ರ ನಂತರ ಗಣಿ ತೋಡಿ, ಮೊದಲ ಮಹಾಯುದ್ಧಕ್ಕೂ ಮೊದಲೇ ಬಾಗಿಲು ಹಾಕಿದವು. ಅಲ್ಲಿನ ಆಳದ ಅದಿರಲ್ಲಿ ಚಿನ್ನ ಆರ್ಸೆನೋಪೈರೈಟಿನೊಳಗೆ ಸೇರಿಕೊಂಡಿರೋದು ಇವತ್ತಿಗೂ ತಲೆನೋವು.

ಹಸಿರುಕಲ್ಲು_ಜ್ಞಾನಭಾರತಿ:

ತುಂಬಾ ಥ್ಯಾಂಕ್ಸ್ ಸರ್, ಮೂವರಿಗೂ. ಇನ್ನೊಂದು ಪ್ರಶ್ನೆ. ವರದಿಗಳಲ್ಲಿ '12 ಮೀಟರಿಗೆ 2 ಗ್ರಾಂ' (12 ಮೀಟರ್ ಉದ್ದಕ್ಕೂ ಸರಾಸರಿ ಟನ್ನಿಗೆ 2 ಗ್ರಾಂ ಚಿನ್ನ) ಅಂತೆಲ್ಲ ಬೋರ್‌ಹೋಲ್ ಫಲಿತಾಂಶ ಇರುತ್ತಲ್ಲ, ಅದನ್ನು ಹೋಲಿಸೋದು ಹೇಗೆ? ಕಾರ್ಬೊನೇಟ್ ಆದ ಬಸಾಲ್ಟನ್ನು ಫೀಲ್ಡಲ್ಲಿ ಗುರುತಿಸೋದು ಹೇಗೆ?

ಕೋರ್‌ಬಾಕ್ಸ್:

ಎರಡನೆಯದಕ್ಕೆ ಮೊದಲು. 10% ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ. ತಕ್ಷಣ ನೊರೆ ಬಂದರೆ ಕ್ಯಾಲ್ಸೈಟ್. ಬರದಿದ್ದರೆ ಬಿಟ್ಟು ಹೋಗಬೇಡಿ, ಅದೇ ಜಾಗವನ್ನು ಚಾಕುವಿನಲ್ಲಿ ಕೆರೆದು ಪುಡಿಯ ಮೇಲೆ ಇನ್ನೊಂದು ಹನಿ ಹಾಕಿ, ಕಿವಿ ಹತ್ತಿರ ಹಿಡಿಯಿರಿ. ಸಣ್ಣಗೆ ಚುರ್ ಅಂದರೆ ಆಂಕರೈಟ್ (ಕಬ್ಬಿಣ ಸೇರಿದ ಕಾರ್ಬೊನೇಟ್) ಅಥವಾ ಡಾಲಮೈಟ್. ಕಲ್ಲಿನ ಹೊರಮೈ ಬೆಲ್ಲದ ಬಣ್ಣಕ್ಕೆ ತಿರುಗಿದ್ದು, ಒಳಗೆ ಹಸಿರು ಮಾಸಿ ಬೂದು ಬಣ್ಣವಾಗಿದ್ದರೆ ಅದೇ ನಿಮ್ಮ ಶಿಯರ್ ಝೋನ್. ಟ್ರೆಂಚ್ ಅಲ್ಲಿಗೆ ಅಡ್ಡಲಾಗಿ ಹಾಕಿ, ಉದ್ದಕ್ಕಲ್ಲ.

ಈಗ 12 ಮೀಟರ್. ಒಂದೇ ಮೀಟರಲ್ಲಿ 20 ಗ್ರಾಂ, ಉಳಿದ 11 ಮೀಟರಲ್ಲಿ 0.36 ಇದ್ದರೂ ಸರಾಸರಿ 2 ಗ್ರಾಂ ಬರುತ್ತೆ. ಆ 11 ಮೀಟರ್ ಬರೀ ಕಲ್ಲು. ಮೀಟರ್‌ವಾರು ಪಟ್ಟಿ ಇಲ್ಲದ ಅಂಕಿಯನ್ನು ಪಕ್ಕಕ್ಕಿಡಿ. ಆಮೇಲೆ ನಿಜವಾದ ದಪ್ಪ. ಇಲ್ಲಿ ಪದರಗಳು ಹೆಚ್ಚಾಗಿ ಪೂರ್ವಕ್ಕೆ ಕಡಿದಾಗಿ ಇಳಿಯುತ್ತವೆ, ಬೋರ್ ಪೂರ್ವದಿಂದ ಪಶ್ಚಿಮಕ್ಕೆ ವಾಲಿಸಿ ಹೊಡೆಯಬೇಕು. ಎಳೆ 70 ಡಿಗ್ರಿ ಇಳಿದಿದ್ದು, ಅದರ ಮೇಲ್ಮೈ ಗುರುತಿನಿಂದ 60 ಮೀಟರ್ ಪೂರ್ವಕ್ಕೆ ನಿಂತು 50 ಡಿಗ್ರಿಯಲ್ಲಿ ಹೊಡೆದರೆ, 65 ಮೀಟರಿಗೆ ಎಳೆ ಸಿಗುತ್ತೆ. ಆಳ ನೆಟ್ಟಗೆ 50 ಮೀಟರ್. ಕೋರಿಗೂ (ಬೋರಿನಿಂದ ತೆಗೆದ ಕಲ್ಲಿನ ಕಂಬಿ) ಎಳೆಗೂ 60 ಡಿಗ್ರಿ ಕೋನ, ಹಾಗಾಗಿ ಕೋರಲ್ಲಿ 1 ಮೀಟರ್ ಕಂಡದ್ದು ನಿಜಕ್ಕೆ 0.87. ಆ ಕೋನ 30 ಇದ್ದಿದ್ದರೆ 12 ಮೀಟರ್ ಕೂಡಲೇ 6 ಆಗುತ್ತಿತ್ತು.

ಕೋರ್ ರಿಕವರಿ (ಕೊರೆದ ಉದ್ದದಲ್ಲಿ ಎಷ್ಟು ಪಾಲು ಕಲ್ಲು ಕೈಗೆ ಬಂತು) ಕಾಲಂ ತಪ್ಪದೆ ನೋಡಿ. ಶಿಯರ್ ಝೋನಿನ ಮೆತ್ತನೆ ಪುಡಿ ಡ್ರಿಲ್ಲಿಂಗ್ ನೀರಲ್ಲಿ ಕೊಚ್ಚಿ ಹೋಗಿ, ಗಟ್ಟಿ ಬೆಣಚು ಮಾತ್ರ ಪೆಟ್ಟಿಗೆಗೆ ಬಂದಿದ್ದರೆ, 60% ರಿಕವರಿಯ ಮೇಲಿನ ದರ್ಜೆಗೆ ಬೆಲೆ ಇಲ್ಲ. ಐಪಿ ಸರ್ವೆಯ (ನೆಲಕ್ಕೆ ಕರೆಂಟ್ ಹಾಯಿಸಿ ಸಲ್ಫೈಡ್ ಹುಡುಕುವ ವಿಧಾನ) ನಕ್ಷೆ ಸಿಕ್ಕರೆ ಕಾರ್ಬನ್ ತುಂಬಿದ ಫಿಲೈಟ್ ಕಲ್ಲು ಎಲ್ಲಿದೆ ಅಂತ ಪಕ್ಕದಲ್ಲಿಟ್ಟು ಹೋಲಿಸಿ. ಗ್ರಾಫೈಟ್ ಕೂಡ ಸಲ್ಫೈಡಿನ ಹಾಗೇ ಸಿಗ್ನಲ್ ಕೊಡುತ್ತೆ.

ಮೂಸೆ:

ಒಂದು ಮಾತು ಸೇರಿಸ್ತೀನಿ. ತಾಮ್ರ ಮತ್ತು ಚಿನ್ನ ಎರಡೂ ಇರುವ ಮಾದರಿ ಸಿಕ್ಕರೆ 'ಎರಡೂ ಲಾಭ' ಅಂತ ಬರೆಯಬೇಡಿ. ಮೇಲಿನ ವಲಯದ ಮ್ಯಾಲಕೈಟ್ (ತಾಮ್ರದ ಹಸಿರು ಕಾರ್ಬೊನೇಟ್), ಚಿನ್ನ ಕರಗಿಸಲು ಹಾಕುವ ಸಯನೈಡನ್ನು ಕುಡಿದು ಚಿನ್ನಕ್ಕೆ ಉಳಿಸಲ್ಲ. ಸಯನೈಡಿನಲ್ಲಿ ಕರಗುವ ತಾಮ್ರ ಎಷ್ಟು ಅಂತ ಬೇರೆಯಾಗಿ ಅಳೆಸಿ. ಕೆಳಗಿನ ಚಾಲ್ಕೋಪೈರೈಟ್ ಆದರೆ ಅಷ್ಟು ಕುಡಿಯಲ್ಲ, ಫ್ಲೋಟೇಶನ್ನಿನಲ್ಲಿ (ನೊರೆಯಲ್ಲಿ ತೇಲಿಸುವ ವಿಧಾನ) ಬೇರೆಯಾಗುತ್ತೆ. 1% ತಾಮ್ರ ಅಂದರೆ ಕಲ್ಲಲ್ಲಿ ಸುಮಾರು 2.9% ಚಾಲ್ಕೋಪೈರೈಟ್. ಕಣ್ಣಂದಾಜಿಗೆ ಬೇಕಾದರೆ ಇಟ್ಟುಕೊಳ್ಳಿ.

ಹಳೇಗುಂಡಿ:

ಮತ್ತೆ ಮಾದರಿ ತೆಗೆಯೋಕೆ ಹೋಗುವಾಗ ಜೋಗಿಮಟ್ಟಿ ಅರಣ್ಯದ ಗಡಿ ನಕ್ಷೆ ಜೊತೆಗಿರಲಿ, ಒಳಗೆ ಗುದ್ದಲಿ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದವರಿಗೆ ಯಾವ ಔಷಧಿ, ವರ್ಷಕ್ಕೆ ಎಷ್ಟು ಸಲ ಅಂತ ಕೇಳಿ ಬರೆದುಕೊಳ್ಳಿ, ಅದೂ ಡೇಟಾ ಕಾಲಮ್ಮೇ.