66 ಸಿಸಿ ಸೈಕಲ್ ಇಂಜಿನ್‌ಗೆ ಪೈಪ್, ರೀಡ್, ಹೆಡ್: ಯಾವುದು ಮೊದಲು?

ತೋಟದ_ಸವಾರ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಅಪ್ಪನ ಹಳೇ 28 ಇಂಚಿನ ಸೈಕಲ್‌ಗೆ ಆನ್‌ಲೈನ್‌ನಲ್ಲಿ ಸಿಗುವ ಟೂ ಸ್ಟ್ರೋಕ್ ಕಿಟ್ ಕೂರಿಸಿದ್ದೇನೆ. ಡಬ್ಬದ ಮೇಲೆ 80 ಸಿಸಿ ಅಂತ ಇದೆ. ಮನೆಯಿಂದ ಕೆಳಗಿನ ಪಂಪ್‌ಸೆಟ್‌ವರೆಗೆ ಇಳಿದು ಮತ್ತೆ ಹತ್ತಿ ಬರೋದಷ್ಟೇ ಅದರ ಕೆಲಸ. ಸಮತಟ್ಟಿನಲ್ಲಿ ಆರಾಮಾಗಿ ಓಡುತ್ತೆ. ಏರಿನಲ್ಲಿ, ಅದರಲ್ಲೂ ಕ್ಯಾರಿಯರ್ ಮೇಲೆ ಅರ್ಧ ಮೂಟೆ ಗೊಬ್ಬರ ಇದ್ದರೆ, ಪೂರ್ತಿ ಆಕ್ಸಿಲೇಟರ್ ಕೊಟ್ಟರೂ ಗುರ್ ಅಂತ ವೇಗ ಇಳಿಯುತ್ತಾ ಬಂದು ಕೊನೆಗೆ ಪೆಡಲ್ ತುಳಿಯಲೇಬೇಕು.

ಈಗ ಮೂರು ಸಾಮಾನು ನೋಡಿಟ್ಟಿದ್ದೇನೆ. ಎಕ್ಸ್‌ಪ್ಯಾನ್ಷನ್ ಪೈಪ್ (ಟೂ ಸ್ಟ್ರೋಕ್‌ಗೆ ಅಂತಲೇ ಮಾಡಿದ ಸೈಲೆನ್ಸರ್), ರೀಡ್ ವಾಲ್ವ್ ಸೆಟ್ (ಒಳಗೆ ಬಂದ ಮಿಶ್ರಣ ವಾಪಸ್ ಹೋಗದಂತೆ ತಡೆಯುವ ತೆಳು ಪಟ್ಟಿ), ಹೈ ಕಂಪ್ರೆಷನ್ ಹೆಡ್ (ಮಿಶ್ರಣವನ್ನ ಜಾಸ್ತಿ ಒತ್ತುವ ಸಿಲಿಂಡರ್ ಮುಚ್ಚಳ). ಮೂರೂ ಸೇರಿದರೆ ಹೆಚ್ಚೂಕಮ್ಮಿ ಕಿಟ್‌ನಷ್ಟೇ ದುಡ್ಡಾಗುತ್ತೆ. ನನ್ನ ಗೆಳೆಯನೊಬ್ಬ ಅದೆಲ್ಲ ದಂಡ, ಆರ್‌ಎಕ್ಸ್ 100 ಸೈಲೆನ್ಸರ್ ಕತ್ತರಿಸಿ ವೆಲ್ಡ್ ಮಾಡಿಸು ಸಾಕು ಅಂತಾನೆ. ಯಾವುದನ್ನ ಮೊದಲು ಹಾಕಲಿ? ಮೂರನ್ನೂ ಒಟ್ಟಿಗೆ ಹಾಕಿದರೆ ಏನಾದರೂ ತೊಂದರೆ ಇದೆಯಾ?

ಕಾರ್ಬನ್_ಕೈ:

ಮೊದಲು ಒಂದು ವಿಷಯ. ಅದು 80 ಸಿಸಿ ಅಲ್ಲ. ಬೋರ್ (ಸಿಲಿಂಡರ್ ಅಗಲ) 47 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 38 ಮಿ.ಮೀ. ಇದ್ದರೆ ಲೆಕ್ಕ ಹಾಕಿ, 66 ಬರುತ್ತೆ. 40 ಸ್ಟ್ರೋಕ್‌ನದ್ದಾದರೆ 69ರ ಮೇಲೆ ಚೂರು. ಡಬ್ಬದವರು ಬರೆದಿದ್ದು ಮಾರೋಕೆ.

ಗೆಳೆಯನ ಆರ್‌ಎಕ್ಸ್ ಐಡಿಯಾ ಬಿಟ್ಟುಬಿಡಿ. ಎಕ್ಸ್‌ಪ್ಯಾನ್ಷನ್ ಪೈಪ್ ಅಂದರೆ ಸುಮ್ನೆ ಹೊಗೆ ಹೋಗೋ ಕೊಳವೆ ಅಲ್ಲ. ಮೊದಲು ಅಗಲವಾಗುತ್ತಾ ಹೋಗುವ ಭಾಗ ಸಿಲಿಂಡರ್‌ನಿಂದ ಸುಟ್ಟ ಗಾಳಿಯನ್ನ ಎಳೆಯುತ್ತೆ, ಆಮೇಲೆ ಕಿರಿದಾಗುವ ಭಾಗಕ್ಕೆ ಬಡಿದು ವಾಪಸ್ ಬರುವ ಒತ್ತಡ ಹೊರಗೆ ಜಾರಿದ ಹೊಸ ಪೆಟ್ರೋಲ್ ಗಾಳಿಯನ್ನ ಪೋರ್ಟ್ (ಸಿಲಿಂಡರ್‌ನ ಹೊಗೆ ಬಾಗಿಲು) ಮುಚ್ಚೋದರೊಳಗೆ ಒಳಕ್ಕೆ ತಳ್ಳುತ್ತೆ. ಇದು ಸರಿಯಾದ ಸಮಯಕ್ಕೆ ಆಗಬೇಕಾದರೆ ಪೈಪ್‌ನ ಉದ್ದ ಆ ಇಂಜಿನ್ ತಿರುಗುವ ವೇಗಕ್ಕೆ ಹೊಂದಬೇಕು. ಆರ್‌ಎಕ್ಸ್ 98 ಸಿಸಿ ಗಾಡಿ, ಅದರ ಪೂರ್ತಿ ಪವರ್ ಬರೋದು 7500 ಆರ್‌ಪಿಎಂನಲ್ಲಿ. ನಿಮ್ಮದು ಏರಿನಲ್ಲಿ ಅದರ ಅರ್ಧದ ಹತ್ತಿರ ಒದ್ದಾಡ್ತಾ ಇರುತ್ತೆ. ಆ ಪೈಪ್ ಹಾಕಿದರೆ ಸೌಂಡ್ ಬರುತ್ತೆ, ಅಷ್ಟೇ.

ನೀವು ನೋಡಿಟ್ಟಿರುವ ಪೈಪ್‌ಗೂ ಇದೇ ಮಾತು ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತೆ. ಒಳ್ಳೇ ಪೈಪ್ ಮೇಲಿನ ಆರ್‌ಪಿಎಂನಲ್ಲಿ ಎದ್ದು ಓಡಿಸುತ್ತೆ, ಕೆಳಗೆ ಮೊದಲಿಗಿಂತ ಕಮ್ಮಿಯೂ ಆಗಬಹುದು. ನಿಮ್ಮ ತೊಂದರೆ ಇರೋದು ಕೆಳಗೆ.

ಹಿಂದಿನ ಚಕ್ರದ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎಷ್ಟು ಹಲ್ಲಿನದ್ದು?

ತೋಟದ_ಸವಾರ:

ಕಿಟ್ ಜೊತೆ ಬಂದಿದ್ದೇ, 44 ಹಲ್ಲು. ಮುಂದೆ ಇಂಜಿನ್ ಕಡೆ 10.

ಕಾರ್ಬನ್_ಕೈ:

ಹಾಗಾದರೆ ಲೆಕ್ಕ ನೋಡಿ. ಇಂಜಿನ್ ಒಳಗಿನ ಗೇರ್ 20ಕ್ಕೆ 82, ಅಂದರೆ 4.1. ಹೊರಗಿನ ಚೈನ್ 4.4. ಒಟ್ಟು 18 ಸುತ್ತಿಗೆ ಚಕ್ರ ಒಂದು ಸುತ್ತು. ಕಿಟ್ ಮಾಡಿದವರು 26 ಇಂಚಿನ ಚಕ್ರ ಮನಸ್ಸಲ್ಲಿಟ್ಟುಕೊಂಡಿದ್ದಾರೆ. ನಿಮ್ಮದು 28, ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಹಾಗಾಗಿ 5000 ಆರ್‌ಪಿಎಂನಲ್ಲಿ 36 ಕಿ.ಮೀ. ದಾಟುತ್ತೆ. ತೋಟದ ಏರಿಗೆ ಇದು ತೀರಾ ಉದ್ದದ ಗೇರು, ಅಂದರೆ ವೇಗ ಜಾಸ್ತಿ, ಎಳೆತ ಕಮ್ಮಿ.

ಹಿಂದೆ 50 ಹಲ್ಲಿನದ್ದು ಹಾಕಿ. ಅದೇ 5000ಕ್ಕೆ 32 ಕಿ.ಮೀ. ಆಸುಪಾಸು ಬರುತ್ತೆ. ಚಕ್ರಕ್ಕೆ ಸಿಗುವ ಎಳೆತ ನೂರಕ್ಕೆ 13ಕ್ಕಿಂತ ಜಾಸ್ತಿ ಏರುತ್ತೆ, ಅದೂ ಇಂಜಿನ್ ಬಿಚ್ಚದೇನೇ. ಇದಕ್ಕಾಗೋ ಖರ್ಚು ಪೈಪ್‌ನ ಮುಂದೆ ಏನೂ ಅಲ್ಲ.

ಫೀನಿಕ್ಸ್_ಕನ್ನಡಿಗ:

ಇಲ್ಲಿ ಅಮೆರಿಕದಲ್ಲಿ ಈ ಕಿಟ್‌ಗಳ ಹುಚ್ಚು ತುಂಬಾ ಜಾಸ್ತಿ, ಬಿಡಿಭಾಗಗಳ ದೊಡ್ಡ ಸಂತೆಯೇ ಇದೆ. ಸ್ಪ್ರಾಕೆಟ್ ಮಾತು ನೂರಕ್ಕೆ ನೂರು ಸರಿ. ರೀಡ್ ಬಗ್ಗೆ ಒಂದೆರಡು ಮಾತು ಹೇಳ್ತೀನಿ, ಯಾಕಂದರೆ ಮಾರುವವರು ಅರ್ಧ ಮಾತ್ರ ಹೇಳೋದು.

ಈ ಇಂಜಿನ್‌ನಲ್ಲಿ ಕಾರ್ಬುರೇಟರ್ ಕಡೆಯ ಬಾಗಿಲನ್ನ ತೆಗೆದು ಮುಚ್ಚೋದು ಪಿಸ್ಟನ್‌ನ ಕೆಳಗಿನ ಅಂಚೇ. ಕಮ್ಮಿ ಆರ್‌ಪಿಎಂನಲ್ಲಿ ಪಿಸ್ಟನ್ ಇಳಿಯುವಾಗ ಒಳಗೆ ಬಂದ ಮಿಶ್ರಣದ ಸ್ವಲ್ಪ ಭಾಗ ವಾಪಸ್ ಕಾರ್ಬುರೇಟರ್‌ಗೇ ಉಗುಳುತ್ತೆ. ಏರ್ ಫಿಲ್ಟರ್ ಬಿಚ್ಚಿ ನೋಡಿ, ಎಣ್ಣೆ ಜಿಡ್ಡು ಕಾಣುತ್ತೆ. ರೀಡ್ ಆ ವಾಪಸ್ ಹೋಗೋದನ್ನ ತಡೆಯುತ್ತೆ, ಹಾಗಾಗಿ ಕೆಳಗಿನ ಎಳೆತಕ್ಕೆ ಒಳ್ಳೇದೇ. ಆದರೆ ಬರೀ ನಡುವೆ ಒಂದು ರೀಡ್ ಡಬ್ಬಿ ಸಿಕ್ಕಿಸಿದರೆ ಬಾಗಿಲು ತೆರೆದಿರುವ ಹೊತ್ತು ಅಷ್ಟೇ ಉಳಿಯುತ್ತೆ. ಪೂರ್ತಿ ಲಾಭ ಬೇಕಂದರೆ ಪಿಸ್ಟನ್‌ನ ಆ ಪಕ್ಕಕ್ಕೆ ಕಿಟಕಿ ಕೊರೆಯಬೇಕು, ಅಂಚುಗಳನ್ನ ಸಣ್ಣ ಅರದಲ್ಲಿ ಉಜ್ಜಿ ನುಣುಪು ಮಾಡಬೇಕು. ಚೂಪು ಅಂಚು ಬಿಟ್ಟರೆ ಅಲ್ಲಿಂದಲೇ ಬಿರುಕು ಶುರುವಾಗುತ್ತೆ, ಸಿಲಿಂಡರ್ ಗೋಡೆಯನ್ನೂ ಕೆರೆಯುತ್ತೆ. ಕೈ ಪಳಗದವರಿಗೆ ಇದು ಬೇಡ.

ಇನ್ನೊಂದು, ಆರ್ಡರ್ ಮಾಡೋ ಮುಂಚೆ ಸಿಲಿಂಡರ್‌ನಲ್ಲಿ ಕಾರ್ಬುರೇಟರ್ ಕಡೆಯ ಎರಡು ಸ್ಟಡ್‌ಗಳ (ನಟ್ ಕೂರುವ ಬೋಲ್ಟ್ ಕಡ್ಡಿಗಳ) ನಡುವಿನ ಅಂತರ ಅಳೆಯಿರಿ. ಕೆಲವದಕ್ಕೆ 32 ಮಿ.ಮೀ., ಕೆಲವದಕ್ಕೆ 40. ತಪ್ಪಿದರೆ ಕೂರೋದೇ ಇಲ್ಲ.

ಲೇತ್_ಹುಬ್ಬಳ್ಳಿ:

ಹೆಡ್ ಬಗ್ಗೆ ನಾನು ಹೇಳ್ತೀನಿ ಸರ್. ಮೂರರಲ್ಲಿ ನಿಮ್ಮ ಏರಿಗೆ ನಿಜವಾಗಿ ಕೆಲಸ ಮಾಡೋದು ಹೆಡ್. ಕಂಪ್ರೆಷನ್ ಏರಿದರೆ ಕೆಳಗಿನಿಂದಲೇ ಎಳೆತ ಬರುತ್ತೆ. ಆದರೆ ಶಾಖವೂ ಬರುತ್ತೆ, ಅದನ್ನ ಮರೀಬೇಡಿ, ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಳಿ ಬೀಸೋದೂ ಕಮ್ಮಿ.

ಹೆಡ್ ಕೂರಿಸಿದ ಮೇಲೆ ಪಿಸ್ಟನ್‌ಗೂ ಹೆಡ್ ಅಂಚಿಗೂ ನಡುವೆ ಎಷ್ಟು ಜಾಗ ಉಳಿದಿದೆ ಅಂತ ಅಳೆಯದೆ ಕಿಕ್, ಪೆಡಲ್ ಏನೂ ಮುಟ್ಟಬೇಡಿ. ರೇಡಿಯೊ ರಿಪೇರಿಯವರ ಬೆಸುಗೆ ಸೀಸ ಇರುತ್ತಲ್ಲ, ದಪ್ಪನೆಯದ್ದು ಒಂದು ತುಂಡು ತಗೊಳ್ಳಿ. ಪಿಸ್ಟನ್ ಪಿನ್ ಇರುವ ಗೆರೆಗೆ ಸರಿಯಾಗಿ ಎರಡೂ ಕಡೆ ಗೋಡೆಗೆ ತಾಗುವ ಹಾಗೆ ಗ್ರೀಸ್ ಹಚ್ಚಿ ಅಂಟಿಸಿ. ಹೆಡ್ ಟೈಟ್ ಮಾಡಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬಿಚ್ಚಿ, ಚಪ್ಪಟೆಯಾದ ತುದಿಯನ್ನ ವರ್ನಿಯರ್‌ನಲ್ಲಿ ಹಿಡಿಯಿರಿ. 1 ಮಿ.ಮೀ. ಹತ್ತಿರ ಇದ್ದರೆ ನೆಮ್ಮದಿ. ಅರ್ಧಕ್ಕಿಂತ ಕಮ್ಮಿ ಬಂದರೆ ದಪ್ಪ ಪ್ಯಾಕಿಂಗ್ ಹಾಕಿ. ನಟ್‌ಗಳನ್ನ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಟೈಟ್ ಮಾಡಬೇಕು. ಒಂದೇ ಸಲ ಜೋರು ಮಾಡಿದರೆ 6 ಮಿ.ಮೀ. ಸ್ಟಡ್ ಕೈಗೇ ಬರುತ್ತೆ.

ಮೈಸೂರು_ಟೂಸ್ಟ್ರೋಕ್:

ಐಡಿಯಲ್ ಜಾವಾ ಕಾಲದಿಂದ ಟೂ ಸ್ಟ್ರೋಕ್ ಹೊಗೆ ಕುಡಿದವನ ಮಾತು ಅಂತ ತಗೊಳ್ಳಿ. ಹೊಸ ಸಾಮಾನು ಹಾಕೋ ಮೊದಲು ಇರೋ ಇಂಜಿನ್ ಎಲ್ಲಿಂದಲೂ ಗಾಳಿ ಎಳೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಈ ಕಿಟ್‌ಗಳಲ್ಲಿ ಕಾರ್ಬುರೇಟರ್ ಬರೀ ಕೊಳವೆ ಮೇಲೆ ಸಿಕ್ಕಿಸಿ ಕ್ಲಾಂಪ್ ಬಿಗಿಯೋದು, ಅಲ್ಲೇ ಗಾಳಿ ನುಗ್ಗುತ್ತೆ. ಇಂಜಿನ್ ಐಡಲ್‌ನಲ್ಲಿರುವಾಗ ಆ ಜಾಗಕ್ಕೆ ಡಬ್ಲ್ಯೂಡಿ-40 ಚಿಮ್ಮಿಸಿ. ಶಬ್ದ ಬದಲಾದರೆ ಸೋರಿಕೆ ಇದೆ. ಒಳಗೊಂದು ಓ ರಿಂಗ್ ಹಾಕಿದರೆ ಹೋಗುತ್ತೆ.

ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದರೆ ಟೂ ಸ್ಟ್ರೋಕ್‌ಗೆ ಎಣ್ಣೆಯೂ ಕಮ್ಮಿ, ಯಾಕಂದರೆ ಎಣ್ಣೆ ಬರೋದೇ ಪೆಟ್ರೋಲ್ ಜೊತೆ. ಪಿಸ್ಟನ್ ಸೀಜ್ ಆಗೋದು, ಅಂದರೆ ಸಿಲಿಂಡರ್‌ಗೆ ಕಚ್ಚಿಕೊಳ್ಳೋದು ಹೀಗೆ. ಈಗ ಬಂಕ್‌ಗಳಲ್ಲಿ ಸಿಗೋದು ಇ20 (ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲ್), ಅದೇ ಜೆಟ್‌ಗೆ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ಇನ್ನೂ ಸ್ವಲ್ಪ ಲೀನ್, ಅಂದರೆ ಪೆಟ್ರೋಲ್ ಕಮ್ಮಿಯಾಗಿ ಓಡುತ್ತೆ. ಮೇಲಿಂದ ಪೈಪ್ ಬೇರೆ ಹಾಕಿ ಜೆಟ್ ಹಾಗೇ ಬಿಟ್ಟರೆ ಸೀಜ್ ಆಗೋದನ್ನ ನೀವೇ ಹುಡುಕಿಕೊಂಡು ಹೋದ ಹಾಗೆ. ಪ್ಲಗ್ ಎನ್‌ಜಿಕೆ ಬಿ6ಎಚ್‌ಎಸ್ ಹಾಕಿ, ಏರಿನಲ್ಲಿ ಪೂರ್ತಿ ಆಕ್ಸಿಲೇಟರ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಆಫ್ ಮಾಡಿ, ಬಿಚ್ಚಿ ನೋಡಿ. ಪಿಂಗಾಣಿ ಕಾಫಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ನಿಲ್ಲಿಸಿ, ದೊಡ್ಡ ಜೆಟ್ ಹಾಕಿ. ಒದ್ದೆ ಕಪ್ಪು ಇದ್ದರೆ ಸಣ್ಣದು. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ, ಪ್ರತಿ ಸಲ ಪ್ಲಗ್ ನೋಡಿ. ಮೂರೂ ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ.

ಮಲೆನಾಡಿನ ಮಳೇಲಿ ವಾರಗಟ್ಟಲೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಬಿಡಬೇಡಿ. ಎಥನಾಲ್ ನೀರು ಹೀರುತ್ತೆ.

ಸುಮ್ನೆ_ಓದುಗ:

ಗುರು, ಇಷ್ಟೆಲ್ಲ ಯಾಕೆ, ಹಳೇ ಟಿವಿಎಸ್ ಎಕ್ಸ್‌ಎಲ್ ಒಂದು ತಗೊಳ್ಳಿ. 69.9 ಸಿಸಿ, ಅದೇ ಟೂ ಸ್ಟ್ರೋಕ್, ಡ್ರಮ್ ಬ್ರೇಕ್ ಬೇರೆ ಇದೆ. ಗೊಬ್ಬರದ ಮೂಟೆಗೆ ಅಂತಲೇ ಹುಟ್ಟಿದ ಗಾಡಿ ಅದು.

ಕಾರ್ಬನ್_ಕೈ:

ಮೂಟೆಗೆ ಎಕ್ಸ್‌ಎಲ್ಲೇ ಮೇಲು, ಒಪ್ಪಿದೆ. ಆದರೆ ಅವರಿಗೆ ಅಪ್ಪನ ಸೈಕಲ್ ಓಡಿಸೋ ಆಸೆ ಇದೆ ಅಲ್ವಾ.

ಬ್ರೇಕ್ ಮಾತು ಬಂದಿದ್ದು ಒಳ್ಳೇದಾಯ್ತು. ಆ ಸೈಕಲ್‌ನ ಕಡ್ಡಿ ಬ್ರೇಕ್ ಮಳೆ ಬಿದ್ದ ರಿಮ್ ಮೇಲೆ ಹಿಡಿಯೋದೇ ಇಲ್ಲ. ಏರು ಹತ್ತುವ ಗಾಡಿ ಇಳಿಯಲೂಬೇಕು. ಮುಂದಿನ ಚಕ್ರಕ್ಕೆ ಡ್ರಮ್ ಇರುವ ಹಬ್ ಹಾಕಿಸಿ, ಪೈಪ್ ದುಡ್ಡಲ್ಲೇ ಆಗುತ್ತೆ. ಚೈನ್ ಒತ್ತುವ ರೋಲರ್ ಕ್ಲಾಂಪನ್ನೂ ನೋಡಿ. ಅದು ಸಡಿಲವಾಗಿ ಕಡ್ಡಿಗಳೊಳಗೆ ತಿರುಗಿದರೆ ಹಿಂದಿನ ಚಕ್ರ ಅಲ್ಲೇ ಲಾಕ್. ಅದರಡಿ ಒಂದು ತುಂಡು ಹಳೇ ಟ್ಯೂಬ್ ಸುತ್ತಿ ಬಿಗಿಯಿರಿ.

ರಸ್ತೆಗೆ ಅಂತೂ ತರಬೇಡಿ. ಮೋಟಾರು ವಾಹನ ಕಾಯ್ದೆ ಪ್ರಕಾರ ಎರಡು ಚಕ್ರದ್ದಕ್ಕೆ 25 ಸಿಸಿವರೆಗೆ ಮಾತ್ರ ವಿನಾಯಿತಿ. 66 ಅಂದರೆ ರಿಜಿಸ್ಟ್ರೇಷನ್, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಬೇಕು, ಇದಕ್ಕೆ ಅದು ಆಗೋ ಮಾತಲ್ಲ.

ತೋಟದ_ಸವಾರ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪೈಪ್, ರೀಡ್ ಎರಡನ್ನೂ ಕಾರ್ಟ್‌ನಿಂದ ತೆಗೆದೆ. 50 ಹಲ್ಲಿನದ್ದು ಆರ್ಡರ್ ಮಾಡ್ತೀನಿ, ಮುಂದಿನ ಡ್ರಮ್ ಹಬ್‌ಗೂ ವಿಚಾರಿಸ್ತೀನಿ. ಹೆಡ್ ಆಮೇಲೆ. ಒಂದೇ ಅನುಮಾನ, ಹಳೇ ಚೈನ್ ಸಾಕಾಗುತ್ತಾ?

ಲೇತ್_ಹುಬ್ಬಳ್ಳಿ:

ಸಾಲೋದಿಲ್ಲ. ಆರು ಹಲ್ಲು ಜಾಸ್ತಿ ಆದರೆ ಮೂರು ಕೊಂಡಿಯಷ್ಟಾದರೂ ಉದ್ದ ಬೇಕು, ಜೋಡಿ ಲೆಕ್ಕದಲ್ಲಿ ನಾಲ್ಕು ಸೇರಿಸಿ. 415 ಚೈನ್ ಅಂತಲೇ ಕೇಳಿ ತಗೊಳ್ಳಿ. ಸೈಕಲ್ ಚೈನ್‌ದೂ ಅರ್ಧ ಇಂಚಿನ ಪಿಚ್ಚೇ, ಆದರೆ ಅಗಲ ಕಮ್ಮಿ, ಇಂಜಿನ್ ಎಳೆತಕ್ಕೆ ತಡೆಯಲ್ಲ. ಲಾಕ್ ಕ್ಲಿಪ್‌ನ ಮುಚ್ಚಿದ ಕಡೆ ಚೈನ್ ಓಡುವ ದಿಕ್ಕಿಗೆ ಇರಲಿ. ಸ್ಪ್ರಾಕೆಟ್‌ನಲ್ಲಿ ಒಂಬತ್ತು ತೂತು ಇದೆಯಾ ನೋಡಿ, ಅದನ್ನ ಚಕ್ರದ ಕಡ್ಡಿಗಳಿಗೆ ಹಿಡಿದಿಡುವ ಹಳೇ ರಬ್ಬರ್ ಪಟ್ಟಿ ಹರಿದಿದ್ದರೆ ಅದನ್ನೂ ಈಗಲೇ ಬದಲಾಯಿಸಿಬಿಡಿ.